ಅಮ್ಮ ಕೇಳದೇ ಇಟ್ಟುಕೊಂಡಿದ್ದ ಪ್ರಶ್ನೆ

ದೊಡ್ಡಮ್ಮ ತನ್ನ ಎದೆಯಲ್ಲಿದ್ದ ಗಂಟಿನ ವಿಷಯ 11 ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೂ ತಾನಾಗಿ ಹೇಳಲಿಲ್ಲ. ಕೈ ಊದಿಕೊಂಡಿದ್ದನ್ನು ನೋಡಿ ಮಗಳು ಹಿಡಿದು ಕೂರಿಸಿ ಕೇಳಿದ್ದಕ್ಕೆ ಬಾಯಿ ಬಿಟ್ಟಳು. "ನೋವೇ ಇರಲಿಲ್ಲ ಕಣೇ. ನೋವಿಲ್ಲದ್ದಕ್ಕೆ ಡಾಕ್ಟರ ಹತ್ತಿರ ಯಾಕೆ ಹೋಗೋದು ಅಂದ್ಕೊಂಡೆ" ಅಂದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಎದೆಯ ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲ ಅನ್ನುವುದನ್ನೇ ಅವಳು ನಂಬಿ ಕೂತಿದ್ದಳು. ಒಂದೂವರೆ ವರ್ಷ ಚಿಕಿತ್ಸೆ ನಡೆಯಿತು. 64ನೇ ವಯಸ್ಸಿಗೆ ಹೋಗಿಬಿಟ್ಟಳು.

ಅವಳ ಒಡಹುಟ್ಟಿದ ತಂಗಿ ನನ್ನ ಅಮ್ಮ. ಆಗ ಅಮ್ಮನಿಗೆ 61. ಅದುವರೆಗೆ ಒಂದು ಸಲವೂ ಮ್ಯಾಮೊಗ್ರಾಂ, ಅಂದರೆ ಎದೆಯ ಎಕ್ಸ್-ರೇ, ಮಾಡಿಸಿದವಳಲ್ಲ. ಅಪ್ಪನಿಗೆ 68, ಅವರೂ ಯಾವ ಕ್ಯಾನ್ಸರ್ ಪರೀಕ್ಷೆಯನ್ನೂ ಮಾಡಿಸಿದವರಲ್ಲ. ಅಣ್ಣ, ಅಕ್ಕ, ನಾನು ಎಲ್ಲರೂ ನಲವತ್ತು ದಾಟಿದವರು. ದೊಡ್ಡಮ್ಮ ಹೋದ ಮೇಲೆ ಮನೆಯವರಿಗೆಲ್ಲ ಕ್ಯಾನ್ಸರ್ ಸ್ಕ್ರೀನಿಂಗ್ ಮಾಡಿಸಿಯೇ ತೀರುತ್ತೇನೆ ಅಂತ ಹಟ ಹಿಡಿದೆ. ಎರಡು ವರ್ಷ ಹಿಡಿಯಿತು. ಇನ್ನೂ ಪೂರ್ತಿ ಮುಗಿದಿಲ್ಲ.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲಾ ತಪ್ಪೇ. ಮನೆಯವರ ವಾಟ್ಸಾಪ್ ಗುಂಪಿಗೆ ದಿನಾ ಒಂದು ವಿಡಿಯೊ ಹಾಕುತ್ತಿದ್ದೆ. ಯಾವ ಹಂತದಲ್ಲಿ ಸಿಕ್ಕಿದರೆ ಎಷ್ಟು ಜನ ಉಳಿಯುತ್ತಾರೆ ಅನ್ನುವ ಅಂಕಿಅಂಶ ಕಳಿಸುತ್ತಿದ್ದೆ. ಅಣ್ಣ ಫೋನ್ ಮಾಡಿ, "ಬೆಳಗ್ಗೆ ಎದ್ದ ತಕ್ಷಣ ಇದನ್ನೆಲ್ಲಾ ಹಾಕಬೇಡ, ಅಮ್ಮ ನೋಡಿ ಅಳ್ತಾಳೆ" ಅಂದ. ಆಗಲೂ ನನಗೆ ಅರ್ಥವಾಗಲಿಲ್ಲ. ಒಂದು ದಿನ ಅಮ್ಮ "ನನಗೇನಾಗಿದೆ? ಗಟ್ಟಿಮುಟ್ಟಾಗಿದ್ದೀನಲ್ಲ" ಅಂದಾಗ ತಾಳ್ಮೆ ಕಳೆದುಕೊಂಡು, "ಹಾಗಾದರೆ ದೊಡ್ಡಮ್ಮನ ಹಾಗೆ ಆಗೋವರೆಗೂ ಕಾಯ್ತೀಯಾ?" ಅಂದುಬಿಟ್ಟೆ. ಅಮ್ಮ ಉತ್ತರ ಕೊಡದೆ ಎದ್ದು ಒಳಗೆ ಹೋದಳು. ಅಕ್ಕನನ್ನು ಕಳೆದುಕೊಂಡು ನಾಲ್ಕು ತಿಂಗಳೂ ಆಗದ ಹೆಂಗಸಿಗೆ ನಾನು ಆಡಿದ ಮಾತು ಅದು. ಅವತ್ತು ರಾತ್ರಿ ಹೋಗಿ ತಪ್ಪಾಯ್ತು ಅಂದೆ. ಅವಳು "ಹೋಗ್ಲಿ ಬಿಡು" ಅಂದಳು. ಆದರೆ ಆಮೇಲೆ ಮೂರು ತಿಂಗಳು ಆ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

"ಚೆನ್ನಾಗೇ ಇದ್ದೀನಲ್ಲ" ಅನ್ನುವುದಕ್ಕೆ ಏನು ಹೇಳಬೇಕು ಅಂತ ಆಮೇಲೆ ಬಹಳ ಯೋಚಿಸಿದ್ದೇನೆ. ಸ್ಕ್ರೀನಿಂಗ್ ಅಂದರೆ ಚೆನ್ನಾಗಿದ್ದಾಗ ಮಾಡಿಸುವುದೇ. ಗಂಟು ಕೈಗೆ ಸಿಕ್ಕಿದ ಮೇಲೆ, ಮಲದಲ್ಲಿ ರಕ್ತ ಕಂಡ ಮೇಲೆ, ಮುಟ್ಟು ನಿಂತು ಎಷ್ಟೋ ಕಾಲದ ಮೇಲೆ ಮತ್ತೆ ರಕ್ತ ಹೋದ ಮೇಲೆ ಮಾಡಿಸುವುದು ಸ್ಕ್ರೀನಿಂಗ್ ಅಲ್ಲ. ಆಗ ಕಾಯದೆ ನೇರವಾಗಿ ಡಾಕ್ಟರಿಗೇ ತೋರಿಸಬೇಕು. ಈ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆ ಅಂದರೆ ಕಾಯಿಲೆ ಬಂದವರಿಗೆ ಅಂತಲೇ ಎಲ್ಲರ ಲೆಕ್ಕ. ಹಾಗಾಗಿ ನಾನು "ಮಾಡಿಸಿಕೋ" ಅಂದಾಗಲೆಲ್ಲಾ ಅಮ್ಮನಿಗೆ "ನಿನಗೆ ಕಾಯಿಲೆ ಇದೆ" ಅಂದ ಹಾಗೆ ಕೇಳಿಸುತ್ತಿತ್ತು.

ಗಂಟು ಬಿಚ್ಚಿದ್ದು ಅಮ್ಮನೇ. ಒಂದು ದಿನ ಯಾವುದೋ ಮಾತಿಗೆ, "ಇಷ್ಟೆಲ್ಲಾ ಹೇಳ್ತೀಯಲ್ಲ, ನೀನು ಮಾಡಿಸಿದ್ದೀಯಾ?" ಅಂದಳು.

ನಾನು ಮಾಡಿಸಿರಲಿಲ್ಲ. ನನಗಾಗ 41.

ಮಾರನೇ ವಾರವೇ ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆಯ ಮಾತಿಗೆ ಮುಂಚೆ ಮನೆಯವರ ವಿಷಯ ಕೇಳಿದರು. ಯಾರಿಗೆ ಬಂದಿತ್ತು, ಯಾವ ಕ್ಯಾನ್ಸರ್, ಗೊತ್ತಾದಾಗ ಅವರಿಗೆ ಎಷ್ಟು ವಯಸ್ಸು. ಈ ವಯಸ್ಸು ಬಹಳ ಮುಖ್ಯ ಅಂತ ನನಗೆ ಗೊತ್ತಿರಲಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಹಲವರಿಗೆ ಎದೆಯ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ಅದೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳ ಪರೀಕ್ಷೆ ಬೇಕಾ ಅಂತ ಯೋಚಿಸುತ್ತಾರೆ. ದೊಡ್ಡಮ್ಮನಿಗೆ ಗೊತ್ತಾದಾಗ 62 ದಾಟಿತ್ತು ಅಂದೆ. ಅಜ್ಜಿ ಯಾವುದರಿಂದ ಹೋದರು ಅಂದರು. "ಹೊಟ್ಟೆಯಲ್ಲಿ ಏನೋ ಆಗಿತ್ತು" ಅನ್ನುವುದರ ಆಚೆ ನನಗೆ ಏನೂ ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನ ಹತ್ತಿರ ಕೇಳಿ ಒಂದು ಹಾಳೆಯಲ್ಲಿ ಎರಡೂ ಕಡೆಯವರ ಹೆಸರು, ಕಾಯಿಲೆ, ವಯಸ್ಸು ಬರೆದೆ. ಅಮ್ಮ ಉತ್ಸಾಹದಿಂದ ಹೇಳಿದಳು. ಯಾರು ಯಾವ ಹಬ್ಬದ ಹಿಂದೆ ಮುಂದೆ ತೀರಿಕೊಂಡರು ಅನ್ನುವುದೆಲ್ಲಾ ಅವಳಿಗೆ ನೆನಪಿತ್ತು. ಪರೀಕ್ಷೆಯ ಹೆಸರೇ ಎತ್ತದೆ ಕ್ಯಾನ್ಸರ್ ಬಗ್ಗೆ ಅವಳ ಜೊತೆ ಒಂದು ಗಂಟೆ ಮಾತಾಡಿದ್ದು ಅದೇ ಮೊದಲು.

ಯಾವ ವಯಸ್ಸಿಗೆ ಶುರು ಮಾಡಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಅಂತ ಹೇಳಿತು. ಬ್ರಿಟನ್ನಿನಲ್ಲಿ 50ಕ್ಕೆ ಶುರು, ಮೂರು ವರ್ಷಕ್ಕೊಮ್ಮೆ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಒಂದು ಸಂಖ್ಯೆ ನೋಡಿ ಅದೇ ಸರಿ ಅಂತ ಕೂರಬಾರದು. ನಮ್ಮ ವಯಸ್ಸು, ನಮ್ಮ ಮನೆಯ ಹಾಳೆ ಎರಡನ್ನೂ ಡಾಕ್ಟರ ಮುಂದಿಟ್ಟು ಕೇಳಬೇಕು.

ನಾನು ಮ್ಯಾಮೊಗ್ರಾಂ ಮಾಡಿಸಿಕೊಂಡು ಬಂದೆ. ಸಂಜೆ ಅಮ್ಮನ ಪಕ್ಕ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಎದೆಯನ್ನು ಎರಡು ಹಲಗೆಯ ನಡುವೆ ಇಟ್ಟು ಒತ್ತುತ್ತಾರೆ. ಒತ್ತುವಾಗ ನೋಯುತ್ತೆ. ಉಸಿರು ಬಿಗಿ ಹಿಡಿಯಲು ಹೇಳ್ತಾರೆ, ಹತ್ತು ಎಣಿಸುವಷ್ಟರಲ್ಲಿ ಬಿಡ್ತಾರೆ. ಒಂದೊಂದು ಕಡೆಗೆ ಎರಡು, ಒಟ್ಟು ನಾಲ್ಕು ಚಿತ್ರ. ಒಳಗೆ ಹೋಗಿ ಬರೋಕೆ ಇಪ್ಪತ್ತು ನಿಮಿಷ. ಅವತ್ತು ಪೌಡರ್, ಸೆಂಟು ಏನೂ ಹಾಕಬಾರದು, ಅದರ ಕಣ ಚಿತ್ರದಲ್ಲಿ ಚುಕ್ಕೆಯ ಹಾಗೆ ಕಾಣಬಹುದು. ಮೇಲೊಂದು ಕೆಳಗೊಂದು ಬಟ್ಟೆ ಹಾಕಿಕೊಂಡು ಹೋದರೆ ಸುಲಭ, ಮೇಲಿನದನ್ನಷ್ಟೇ ತೆಗೆದರೆ ಸಾಕು. ನೋಯುವುದೇ ಇಲ್ಲ ಅಂತ ಸುಳ್ಳು ಹೇಳಬಹುದಿತ್ತು. ಹೇಳದೇ ಇದ್ದದ್ದು ಒಳ್ಳೆಯದಾಯಿತು. ಅಮ್ಮ ಆಮೇಲಾಮೇಲೆ ನನ್ನ ಮಾತು ನಂಬಿದ್ದು ಅದಕ್ಕೇ ಅನ್ನಿಸುತ್ತದೆ.

ಅವಳು ಎಲ್ಲ ಕೇಳಿಸಿಕೊಂಡಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಎರಡು ವಾರ ಬಿಟ್ಟು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆವು. ಅಮ್ಮ ಒಂದು ಟವಲನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು. ನನ್ನ ಮುಖ ನೋಡದೆ ಮೆಲ್ಲಗೆ, "ಅಲ್ಲಿ ಗಂಡಸರು ಇರ್ತಾರಾ?" ಅಂದಳು.

ಎಂಟು ತಿಂಗಳಿಂದ ಅವಳ ಒಳಗೆ ಇದ್ದದ್ದು ಇದು. "ನನಗೇನಾಗಿದೆ", "ಈ ವಯಸ್ಸಿನಲ್ಲಿ ಯಾಕೆ", "ಮುಂದಿನ ತಿಂಗಳು ನೋಡೋಣ" ಅಂದದ್ದೆಲ್ಲಾ ಇದನ್ನು ಕೇಳಲಾರದೆ ಅಂದದ್ದು. ನಾನು ಅಷ್ಟೂ ದಿನ ಆ ಮಾತುಗಳಿಗೆ ಉತ್ತರ ಹುಡುಕುತ್ತಿದ್ದೆ. ಕೂಡಲೇ ಫೋನ್ ಮಾಡಿ ಕೇಳಿದೆ. ಮ್ಯಾಮೊಗ್ರಾಂ ತೆಗೆಯುವವರು ಹೆಂಗಸರೇ, ಕೋಣೆಯೊಳಗೆ ಬೇರೆ ಯಾರೂ ಇರಲ್ಲ, ಬೇಕಾದರೆ ಬಾಗಿಲವರೆಗೆ ನೀವೂ ಬನ್ನಿ ಅಂದರು. ಎರಡು ನಿಮಿಷದ ಮಾತು. ಅಮ್ಮ "ಹಾಗಾದ್ರೆ ಆಗ್ಲಿ" ಅಂದಳು.

ಆದರೆ ಮೊದಲ ಸಲ ಹೋದದ್ದು ಕೆಟ್ಟಿತು. ಕೌಂಟರಿನಲ್ಲಿದ್ದ ಹುಡುಗ ಚೀಟಿ ನೋಡಿ, ಇಡೀ ಹಾಲಿಗೆ ಕೇಳುವ ಹಾಗೆ ಅಮ್ಮನ ಹೆಸರು ಹಿಡಿದು, "ಬ್ರೆಸ್ಟ್ ಟೆಸ್ಟಿಗೆ ಬಂದವರು ಯಾರು?" ಅಂತ ಕೂಗಿದ. ಅಮ್ಮನ ಮುಖ ನೋಡಲಾಗಲಿಲ್ಲ. ಸೆರಗು ಎಳೆದುಕೊಂಡು ನೇರ ಹೊರಗೆ ನಡೆದಳು. ನಾನು ಹಿಂದೆ ಓಡಿದೆ. ಒತ್ತಾಯ ಮಾಡಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಎಂಟು ತಿಂಗಳ ಕೆಲಸ ಒಂದು ಕೂಗಿಗೆ ಹೋಯಿತಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಪರೀಕ್ಷೆ ಮಾಡುವ ಜಾಗದಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈ ಮುಗಿದು ಕೇಳುತ್ತೇನೆ, ಹೆಸರನ್ನಷ್ಟೇ ಕೂಗಿ. ಎಷ್ಟು ಕಷ್ಟಪಟ್ಟು ಅಲ್ಲಿವರೆಗೆ ಬಂದಿರುತ್ತಾರೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಮೂರು ವಾರದ ನಂತರ ಬೇರೆ ಕಡೆಗೆ ಹೋದೆವು. ಈ ಸಲ ನಾನೇ ಮೊದಲು ಹೋಗಿ ಕೌಂಟರಿನಲ್ಲಿ ಮಾತಾಡಿ ಬಂದಿದ್ದೆ. ಅಮ್ಮ ಒಳಗೆ ಹೋದಳು. ನಾನು ಅವಳ ಚೀಲ ಹಿಡಿದು ಕೂತೆ. ಹೊರಗೆ ಬಂದಾಗ ರವಿಕೆಯ ಕೊನೆಯ ಹುಕ್ ಹಾಕಿರಲಿಲ್ಲ. ಅವಸರದಲ್ಲಿ ಬಿಟ್ಟಿದ್ದಳು. ಮೂಲೆಗೆ ಕರೆದುಕೊಂಡು ಹೋಗಿ ನಾನೇ ಹಾಕಿದೆ. "ಇಷ್ಟೇನಾ!" ಅಂದಳು. ನನಗೆ ಅಳು ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಾಲ್ಕನೇ ದಿನ ಫೋನ್ ಬಂತು. ಎಡಗಡೆಯ ಚಿತ್ರದಲ್ಲಿ ಒಂದು ಕಡೆ ಸ್ಪಷ್ಟ ಇಲ್ಲ, ಇನ್ನೆರಡು ಚಿತ್ರ ತೆಗೆಯಬೇಕು, ಜೊತೆಗೆ ಅಲ್ಟ್ರಾಸೌಂಡ್ ಮಾಡಬೇಕು, ಮತ್ತೆ ಬನ್ನಿ ಅಂತ. ಹೀಗೆ ಮತ್ತೆ ಕರೆಯುವುದು ಅಪರೂಪವೇನಲ್ಲ. ನೂರು ಜನ ಮ್ಯಾಮೊಗ್ರಾಂ ಮಾಡಿಸಿದರೆ ಸುಮಾರು ಹತ್ತು ಜನರನ್ನು ಮತ್ತೆ ಕರೆಯುವ ಕಡೆಗಳಿವೆ. ಹಾಗೆ ಕರೆಸಿಕೊಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಮೊದಲ ಸಲ ಮಾಡಿಸುವವರಿಗೆ ಹೋಲಿಸಿ ನೋಡಲು ಹಳೆಯ ಚಿತ್ರ ಇರುವುದಿಲ್ಲವಾದ್ದರಿಂದ ಈ ಕರೆ ಇನ್ನೂ ಜಾಸ್ತಿ. ಇದು ನನಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಹಿಂಜರಿಯುತ್ತಾಳೆ ಅಂತ ಬೇಕೆಂದೇ ಬಿಟ್ಟಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು.

ಐದು ದಿನ ಅಮ್ಮ ನಿದ್ದೆ ಮಾಡಲಿಲ್ಲ. "ನೋಡಿದೆಯಾ, ಸುಮ್ನೆ ಇದ್ದಿದ್ರೆ ಈ ಗೋಳು ಇರ್ತಿತ್ತಾ?" ಅಂದಳು. ಅವಳ ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಐದು ದಿನಗಳ ಸಂಕಟವನ್ನು ನಾನು ಹಗುರ ಮಾಡಿ ಹೇಳಲಾರೆ. ಪರೀಕ್ಷೆ ಮಾಡಿಸಿ ಅಂತ ಬೇರೆಯವರಿಗೆ ಹೇಳುವವರು ಇದರ ಹೊಣೆಯನ್ನೂ ಹೊತ್ತುಕೊಳ್ಳಬೇಕು. ಕಂಡದ್ದು ನೀರುಗಂಟು. ಏನೂ ಮಾಡಬೇಕಾಗಿಲ್ಲ, ಎರಡು ವರ್ಷಕ್ಕೆ ಬನ್ನಿ ಅಂದರು. ಈಗ ಯಾರಿಗಾದರೂ ಹೇಳುವಾಗ ಮೊದಲೇ ಹೇಳಿಬಿಡುತ್ತೇನೆ, "ಮತ್ತೆ ಕರೀಬಹುದು, ಕರೆದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಎಲ್ಲ ಸರಿ ಇದೆ ಅಂತ ಬಂದರೂ ಮುಂದೆ ಏನಾದರೂ ಬದಲಾವಣೆ ಕಂಡರೆ ಎರಡು ವರ್ಷ ಕಾಯಬೇಡ" ಅಂತ. ಮ್ಯಾಮೊಗ್ರಾಂ ಕಣ್ಣಿಗೂ ಕೆಲವು ತಪ್ಪಿಹೋಗುತ್ತವೆ.

ಅಕ್ಕನ ಕಥೆ ಬೇರೆ. ಅವಳಿಗೆ 45, ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಗರ್ಭಕಂಠದ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ವೈರಸ್ಸೇ ಕಾರಣ, ಅದನ್ನು ತೋರಿಸಿಕೊಟ್ಟಿದ್ದಕ್ಕೆ ಹೆರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು ಅಂತ ನನಗೆ ಹೇಳಿದವಳೇ ಅವಳು. ವೈರಸ್ ಹೊಕ್ಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು, ಅಷ್ಟು ಸಮಯದಲ್ಲಿ ಹಿಡಿದರೆ ತಡೆಯಬಹುದು ಅನ್ನುವುದೂ ಅವಳಿಗೆ ಗೊತ್ತು. ಆದರೂ ಪರೀಕ್ಷೆ ಮಾಡಿಸಿರಲಿಲ್ಲ. ತಿಳಿವಳಿಕೆ ಇದ್ದುಬಿಟ್ಟರೆ ಸಾಕು ಅಂದುಕೊಂಡಿದ್ದ ನನಗೆ ಅಲ್ಲೇ ಉತ್ತರ ಸಿಕ್ಕಿತು.

ಒಂದು ರಾತ್ರಿ ಫೋನಿನಲ್ಲಿ ಹೇಳಿದಳು. "ಪಾಸಿಟಿವ್ ಬಂದ್ರೆ ನಿನ್ನ ಭಾವನಿಗೆ ಏನಂತ ಹೇಳ್ಲಿ?" ಎಚ್‌ಪಿವಿ ಹರಡುವುದು ದೇಹ ಸಂಪರ್ಕದಿಂದ. ಅಷ್ಟಕ್ಕೇ ಅವಳು ಹೆದರಿದ್ದಳು. ಈ ವೈರಸ್ ಎಷ್ಟು ಸಾಮಾನ್ಯ ಅಂದರೆ, ದಾಂಪತ್ಯ ನಡೆಸಿದ ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಯಾವಾಗಲೋ ಒಮ್ಮೆ ತಗುಲಿರುತ್ತದೆ. ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಎಷ್ಟೋ ವರ್ಷ ಸುಮ್ಮನೆ ಇದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಆ ಫಲಿತಾಂಶ ಹೇಳುವುದೇ ಇಲ್ಲ. ಯಾರ ನಡತೆಯನ್ನೂ ಅದು ಅಳೆಯುವುದಿಲ್ಲ. ಇದನ್ನು ಡಾಕ್ಟರೇ ಭಾವನಿಗೂ ಅಕ್ಕನಿಗೂ ಒಟ್ಟಿಗೆ ಕೂರಿಸಿ ಹೇಳಿದರು. ಅಕ್ಕ ತನ್ನ ಮಾದರಿಯನ್ನು ತಾನೇ ತೆಗೆದುಕೊಟ್ಟಳು. ಉದ್ದನೆಯ ಮೆತ್ತನೆಯ ಕಡ್ಡಿಯೊಂದನ್ನು ಕೊಟ್ಟಿದ್ದರು, ಪರದೆಯ ಹಿಂದೆ ಹೋಗಿ ಎರಡು ನಿಮಿಷದಲ್ಲಿ ಮುಗಿಸಿ ಬಂದಳು. ವಿಶ್ವ ಆರೋಗ್ಯ ಸಂಸ್ಥೆಯೂ 2021ರ ತನ್ನ ಸಲಹೆಯಲ್ಲಿ ಹೀಗೆ ತಾವೇ ತೆಗೆದುಕೊಟ್ಟ ಮಾದರಿಯನ್ನು ಒಪ್ಪಿದೆ. 30ನೇ ವಯಸ್ಸಿನಿಂದ ಶುರುಮಾಡಿ, ಎಚ್‌ಪಿವಿ ಪರೀಕ್ಷೆಯನ್ನು 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಅನ್ನುತ್ತದೆ. ಅಕ್ಕನದು ನೆಗೆಟಿವ್ ಬಂತು.

ಭಾವ ಈ ನಡುವೆ ಒಂದು ಜಾಹೀರಾತು ಕಳಿಸಿದರು. ಒಂದೇ ಸಲ ರಕ್ತ ಕೊಟ್ಟರೆ ಎಲ್ಲ ಕ್ಯಾನ್ಸರಿನ ಮಾರ್ಕರ್ ನೋಡುತ್ತಾರಂತೆ, ಮನೆಯವರಿಗೆಲ್ಲಾ ಅದನ್ನೇ ಮಾಡಿಸಿಬಿಡೋಣ, ಬಟ್ಟೆ ಬಿಚ್ಚುವ ಗೋಜೇ ಇಲ್ಲ ಅಂದರು. ಅಮ್ಮನಿಗೂ ಅದೇ ಇಷ್ಟವಾಗುತ್ತಿತ್ತೇನೋ. ಡಾಕ್ಟರು ಬೇಡ ಅಂದರು. ಮಾರ್ಕರ್ ಅಂದರೆ ರಕ್ತದಲ್ಲಿ ಅಳೆಯುವ ಕೆಲವು ಪ್ರೋಟೀನುಗಳು; ಸಿಇಎ, ಸಿಎ 125 ಮುಂತಾದ ಇವು ಕ್ಯಾನ್ಸರ್ ಇಲ್ಲದಿದ್ದರೂ ಏರಬಹುದು, ಇದ್ದರೂ ಏರದೇ ಇರಬಹುದು. ಚಿಕಿತ್ಸೆಯಲ್ಲಿರುವವರ ಮೇಲೆ ಕಣ್ಣಿಡಲು ಅವು ಬೇಕಾಗುತ್ತವೆ, ಆರೋಗ್ಯವಾಗಿರುವವರನ್ನು ಜರಡಿ ಹಿಡಿಯಲು ಅಲ್ಲ. ರಕ್ತ ಕೊಟ್ಟು ಬಂದು ಎಲ್ಲ ಆಯಿತು ಅಂತ ಮ್ಯಾಮೊಗ್ರಾಂ ಬಿಟ್ಟುಬಿಡುವುದು ಅದಕ್ಕಿಂತ ಅಪಾಯ ಅಂದರು.

ಇನ್ನು ಅಪ್ಪ.

ಅಪ್ಪನ ಹತ್ತಿರ ಮಾತಾಡಿದ್ದು ನಾನಲ್ಲ, ಅಮ್ಮ. ತನ್ನದು ಮುಗಿಸಿಕೊಂಡು ಬಂದವಳಿಗೆ ಒಂದು ಅಧಿಕಾರ ಬಂದಿತ್ತು. "ನಾನು ಹೋಗಿಬಂದೆ. ಈಗ ನಿಮ್ಮದು" ಅಂದಳು. ಅಪ್ಪ "68 ಆಯ್ತು, ಇನ್ನೇನು ನೋಡೋದಿದೆ" ಅಂದರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಮಲ ಪರೀಕ್ಷೆ ಇದೆ ಅಂತ ನಾನು ಹೇಳಿದಾಗ "ಛೀ, ಅದನ್ನೆಲ್ಲಾ ಡಬ್ಬಿಯಲ್ಲಿ ತಗೊಂಡು ಹೋಗೋದಾ" ಅಂತ ಮುಖ ತಿರುಗಿಸಿದರು. ನಾನು ಏನೂ ಹೇಳದೆ ಕಿಟ್ ತಂದು ಅವರ ಮೇಜಿನ ಮೇಲಿಟ್ಟೆ. ಅಪ್ಪ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮುದ್ರಿತ ಕಾಗದ ಕಂಡರೆ ಓದದೇ ಬಿಡುವವರಲ್ಲ.

ಓದಿದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಇದು ಹಳೆಯ ಕಾಲದ ಡಬ್ಬಿಯ ಪರೀಕ್ಷೆ ಅಲ್ಲ. ಫಿಟ್ ಅನ್ನುತ್ತಾರೆ. ಬೆರಳುದ್ದದ ಕೊಳವೆ, ಮುಚ್ಚಳಕ್ಕೆ ಅಂಟಿಕೊಂಡ ತೆಳ್ಳನೆಯ ಕಡ್ಡಿ, ಒಳಗೆ ಸ್ವಲ್ಪ ದ್ರವ. ಮಲ ನೀರಿಗೆ ಬೀಳುವ ಮೊದಲು, ಕಡ್ಡಿಯ ತುದಿಯನ್ನು ನಾಲ್ಕಾರು ಕಡೆ ತಾಕಿಸಿ, ಕೊಳವೆಗೆ ತುರುಕಿ ಮುಚ್ಚಿದರೆ ಆಯಿತು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಅದು ಹಿಡಿಯುತ್ತದೆ. ಮನುಷ್ಯನ ರಕ್ತವನ್ನಷ್ಟೇ ಗುರುತಿಸುವುದರಿಂದ ಊಟದಲ್ಲಿ ಪಥ್ಯ ಏನೂ ಬೇಕಿಲ್ಲ. ಮೂರನೇ ದಿನ ಬೆಳಗ್ಗೆ ಅಪ್ಪ ಕೊಳವೆಯನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅದರ ಮೇಲಿನ ಚೀಟಿಯಲ್ಲಿ ಹೆಸರು, ತಾರೀಖು, ಸಮಯ ಎಲ್ಲ ಅವರ ದುಂಡನೆಯ ಅಕ್ಷರದಲ್ಲಿತ್ತು. ಸಮಯದಲ್ಲಿ ನಿಮಿಷವನ್ನೂ ಬರೆದಿದ್ದರು. "ತಡ ಮಾಡಬೇಡ, ಬೇಗ ಕೊಡಬೇಕು ಅಂತ ಬರೆದಿದ್ದಾರೆ" ಅಂದರು.

ಪಾಸಿಟಿವ್ ಬಂತು.

ಅಪ್ಪ ಒಂದು ಚೂರೂ ಅಲುಗಾಡಲಿಲ್ಲ. "ಮೂಲವ್ಯಾಧಿ ಇದೆಯಲ್ಲ ನನಗೆ, ಅದರದ್ದೇ ರಕ್ತ. ಇನ್ನೊಂದು ಸಲ ಅದನ್ನೇ ಮಾಡೋಣ" ಅಂದರು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತು. ಡಾಕ್ಟರು ಒಪ್ಪಲಿಲ್ಲ. ಮೂಲವ್ಯಾಧಿಯಿಂದಲೂ ಇರಬಹುದು, ಫಿಟ್ ಪಾಸಿಟಿವ್ ಬಂದ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಒಳಗೆ ನೋಡದೆ ಹಾಗಂತ ಹೇಳುವ ಹಾಗಿಲ್ಲ. ಇನ್ನೊಂದು ಸಲ ಮಾಡಿ ನೆಗೆಟಿವ್ ಬಂದರೆ ಮೊದಲಿನದು ಅಳಿಸಿಹೋಗುವುದಿಲ್ಲ, ಏಕೆಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ಅಂದರೆ ಪಾಲಿಪ್‌ನಿಂದ ರಕ್ತ ದಿನಾ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ ಅಂದರು. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು, ಮಾಡಿಸದಿದ್ದರೆ ಈ ಪರೀಕ್ಷೆ ಮಾಡಿಸಿದ್ದೇ ದಂಡ. ಈ ಕೊನೆಯ ಮಾತು ಅಪ್ಪನಿಗೆ ನಾಟಿತು. ಅರ್ಧ ಲೆಕ್ಕ ಬಿಟ್ಟು ಏಳುವುದು ಅವರ ಜಾಯಮಾನ ಅಲ್ಲ.

ಕೊಲೊನೋಸ್ಕೋಪಿಯಲ್ಲಿ ಕಷ್ಟ ಅಂದರೆ ಹಿಂದಿನ ದಿನವೇ. ಅದನ್ನು ಮೊದಲೇ ಹೇಳಿಬಿಡಿ. ಗಟ್ಟಿ ಆಹಾರ ಇಲ್ಲ, ತಿಳಿಯಾದ ದ್ರವ ಮಾತ್ರ. ಕೆಂಪು, ನೇರಳೆ ಬಣ್ಣದ್ದು ಕುಡಿಯಬಾರದು, ಒಳಗೆ ರಕ್ತದ ಹಾಗೆ ಕಾಣುತ್ತದೆ. ಕರುಳು ತೊಳೆಯುವ ಔಷಧಿಯನ್ನು ಎರಡು ಕಂತಿನಲ್ಲಿ ಕುಡಿಯಬೇಕು, ಅರ್ಧ ಸಂಜೆ, ಅರ್ಧ ಮಾರನೇ ದಿನ ಬೆಳಗಿನ ಜಾವ. ರುಚಿ ಉಪ್ಪುಪ್ಪು. ತಣ್ಣಗೆ ಮಾಡಿ ಕೊಟ್ಟರೆ ಇಳಿಯುತ್ತದೆ. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವತ್ತು ಹೇಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರು ಬೇರೆಯಾಗಿ ಬರೆದುಕೊಟ್ಟಿದ್ದರು. ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಂತೂ ಮುಂಚೆಯೇ ಹೇಳಿ ಕೇಳಿಕೊಳ್ಳಬೇಕು. ಆ ರಾತ್ರಿ ಅಪ್ಪ ಬಚ್ಚಲಿಗೆ ಹೋಗಿ ಬಂದು ಹೋಗಿ ಬಂದು ಸುಸ್ತಾದರು. ಅಮ್ಮ ಹಾಸಿಗೆಗೆ ಹೋಗಲಿಲ್ಲ. ಬಚ್ಚಲ ದಾರಿಯಲ್ಲಿದ್ದ ಕಾಲೊರಸು, ಕುರ್ಚಿ ಎಲ್ಲ ತೆಗೆದು, ದೀಪ ಹಾಕಿಟ್ಟು, ಗೋಡೆಗೊರಗಿ ಕೂತಿದ್ದಳು. ಪ್ರತಿ ಲೋಟಕ್ಕೂ ಅಪ್ಪ ಕಾಗದದಲ್ಲಿ ಒಂದೊಂದು ಗೀಟು ಹಾಕಿದರು.

ಮಂಪರು ಕೊಟ್ಟು ಮಾಡಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಪ್ಪನಿಗೆ ಏನೂ ನೆನಪಿಲ್ಲ. "ಶುರು ಮಾಡಿದ್ರಾ?" ಅಂತ ಕೇಳಿದಾಗ ಮುಗಿದಿತ್ತು. ಒಂದು ಪಾಲಿಪ್ ಸಿಕ್ಕಿತು, 12 ಮಿಲಿಮೀಟರ್. ಕರುಳಿನ ಒಳಗೋಡೆಯಲ್ಲಿ ಅಣಬೆಯ ಹಾಗೆ ಎದ್ದು ನಿಂತಿದ್ದನ್ನು ಡಾಕ್ಟರು ತೆರೆಯಲ್ಲಿ ತೋರಿಸಿದರು. ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದಿದ್ದರು. ಬಯಾಪ್ಸಿಯಲ್ಲಿ ಅಡಿನೋಮ ಅಂತ ಬಂತು, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು; ಕ್ಯಾನ್ಸರ್ ಇರಲಿಲ್ಲ. ಇಂಥ ಪಾಲಿಪ್‌ಗಳಲ್ಲಿ ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಆಗುವವು ನಿಧಾನವಾಗಿ, ಹತ್ತು ವರ್ಷದ ಆಸುಪಾಸು ತೆಗೆದುಕೊಂಡು ಆಗುತ್ತವೆ. ಅಪ್ಪನದು ದೊಡ್ಡದಾಗಿದ್ದರಿಂದ ಮೂರು ವರ್ಷಕ್ಕೆ ಮತ್ತೆ ಬರಲು ಹೇಳಿದರು. ಹೊರಡುವಾಗ ಡಾಕ್ಟರು ನಮ್ಮ ಕಡೆ ತಿರುಗಿ, ಮಕ್ಕಳಿಗೆ 40 ದಾಟಿದ್ದರೆ ಅವರೂ ಕೊಲೊನೋಸ್ಕೋಪಿ ಮಾಡಿಸಲಿ ಅಂದರು. ಅಪ್ಪನಿಗೆ ಕಂಡ ಅಡಿನೋಮ ಈಗ ನಮ್ಮ ಹಾಳೆಯಲ್ಲೂ ಒಂದು ಸಾಲು.

ನಾನು ಮಾಡಿಸಿದೆ. ಅಕ್ಕ ಶಾಲೆಯ ರಜೆಗೆ ದಿನ ಗೊತ್ತು ಮಾಡಿಕೊಂಡಿದ್ದಾಳೆ.

ಅಣ್ಣ ಮಾಡಿಸಿಲ್ಲ. ಅವನಿಗೆ 47. ದಿನಾ ಬೆಳಗ್ಗೆ ಓಡುತ್ತಾನೆ, ಬೀಡಿ ಸಿಗರೇಟು ಮುಟ್ಟಿದವನಲ್ಲ. "ನನಗೆ ಯಾವ ಚಟಾನೂ ಇಲ್ಲ, ನನಗ್ಯಾಕೆ ಬರುತ್ತೆ" ಅನ್ನುತ್ತಾನೆ. ಹಿಂದಿನ ನಾನಾಗಿದ್ದರೆ ಅದಕ್ಕೊಂದು ಉತ್ತರ ಕೊಡುತ್ತಿದ್ದೆ, ಅವನು ಇನ್ನೊಂದು ಹೇಳುತ್ತಿದ್ದ. ಈ ಸಲ ಸುಮ್ಮನಿದ್ದೆ. ಅತ್ತಿಗೆ ಒಂದು ದಿನ ಹೇಳಿದರು. ದೊಡ್ಡಮ್ಮನ ಕೊನೆಯ ಮೂರು ವಾರ ಆಸ್ಪತ್ರೆಯಲ್ಲಿ ರಾತ್ರಿ ಮಲಗುತ್ತಿದ್ದದ್ದು ಅಣ್ಣ. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಆಮೇಲೆ ಅವನು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿಲ್ಲ. ಅಪ್ಪನ ಕೊಲೊನೋಸ್ಕೋಪಿಯ ದಿನ ಕಾರು ತಂದವನು ಕಾರಿನಲ್ಲೇ ಕೂತಿದ್ದ. ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ.

ಡಾಕ್ಟರಿಗೆ ಇದನ್ನು ಹೇಳಿದೆ. ಅಪ್ಪನಿಗೆ ಅಡಿನೋಮ ಕಂಡಿರುವುದರಿಂದ ಅಣ್ಣನಿಗೆ ಕೊಲೊನೋಸ್ಕೋಪಿಯೇ ಸರಿಯಾದದ್ದು, ಒಪ್ಪದೇ ಇದ್ದರೆ ಏನೂ ಇಲ್ಲದಿರುವುದಕ್ಕಿಂತ ವರ್ಷಕ್ಕೊಂದು ಸಲ ಫಿಟ್ ಆದರೂ ಮಾಡಿಸಲಿ ಅಂದರು. ಅದಕ್ಕೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಪಾಸಿಟಿವ್ ಬಂದರೆ ಮಾತ್ರ ಕೊಲೊನೋಸ್ಕೋಪಿ ತಪ್ಪಿಸುವ ಹಾಗಿಲ್ಲ, ಅದನ್ನು ಮೊದಲೇ ಹೇಳಿಬಿಡಿ ಅಂದರು. ಹೇಳಿದೆ. ಕಿಟ್ಟನ್ನು ಅವನ ಕೈಗೆ ಕೊಟ್ಟದ್ದು ಅಪ್ಪ. ಕವರಿನ ಮೇಲೆ, ಯಾವ ತಾರೀಖಿನೊಳಗೆ ಬಳಸಬೇಕು ಅನ್ನುವುದನ್ನು ಅದೇ ದುಂಡನೆಯ ಅಕ್ಷರದಲ್ಲಿ ದೊಡ್ಡದಾಗಿ ಬರೆದಿದ್ದರು. "ನಾನು ಮಾಡಿಕೊಂಡೆ ಕಣೋ, ಏನಿಲ್ಲ" ಅಂದರು. ಅಣ್ಣ ತೆಗೆದುಕೊಂಡು ಶೋಕೇಸಿನ ಮೇಲಿಟ್ಟ.

ನಾಲ್ಕು ತಿಂಗಳು ಅಲ್ಲೇ ಇತ್ತು. ಹೋದಾಗಲೆಲ್ಲಾ ಕಾಣುತ್ತಿತ್ತು, ಕವರು ಕೂಡ ಒಡೆದಿರಲಿಲ್ಲ. ನಾನು ಕೇಳಲಿಲ್ಲ, ಅಮ್ಮನಿಗೂ ಕೇಳಬೇಡ ಅಂದಿದ್ದೆ. ಕಳೆದ ಭಾನುವಾರ ಹೋದಾಗ ಅದು ಶೋಕೇಸಿನ ಮೇಲಿರಲಿಲ್ಲ. ಕೈ ತೊಳೆಯಲು ಹೋದವಳಿಗೆ ಬಚ್ಚಲ ಬಾಗಿಲ ಪಕ್ಕದ ಗೂಡಿನಲ್ಲಿ ಕಾಣಿಸಿತು. ಕವರು ಒಡೆದಿತ್ತು. ಸೂಚನೆಯ ಕಾಗದ ಬಿಡಿಸಿ ಇಟ್ಟಿತ್ತು, ಅದು ಹಾರದ ಹಾಗೆ ಮೇಲೆ ಅಣ್ಣನ ಓದುವ ಕನ್ನಡಕ. ಕೈ ಒರೆಸಿಕೊಂಡು ಬಂದು ಅವನ ಪಕ್ಕದಲ್ಲಿ ಕೂತೆ. ಓಟದ ಶೂ ಸವೆದಿದೆ, ಹೊಸದು ತಗೋಬೇಕು ಅಂದ. ತಗೋ ಅಂದೆ.